ತುಂಬಿದ ಮನೆಗೆ ಒಂಬತ್ತು

ಅಕ್ಕನ ಕಂಪ್ಯೂಟರಿನ ಗಾಜಿನ ಮೇಲೆ ಮೇಲಿನಿಂದ ಕೆಳಕ್ಕೆ ಒಂದು ಎಣ್ಣೆಯ ಗೆರೆ ಯಾವಾಗಲೂ ಇರುತ್ತಿತ್ತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯನ್ನು ಸರಿಯಾಗಿ ಒರೆಸಿಕೊಳ್ಳದೆ, ಬಲಗೈ ತೋರುಬೆರಳನ್ನು ಪರದೆಗೆ ಒತ್ತಿ, ಒಂದೊಂದೇ ಸಾಲು ಓದುತ್ತ ಇಳಿಸಿದ್ದರಿಂದ ಆದ ಗೆರೆ ಅದು. ಆ ಬೆರಳಿನ ತುದಿ ಸ್ವಲ್ಪ ಎಡಕ್ಕೆ ವಾಲಿತ್ತು. ಮಂಗಳೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಚಾಕ್‌ಪೀಸು ಹಿಡಿದು ಸಂಖ್ಯಾಶಾಸ್ತ್ರ ಬರೆದದ್ದರ ಗುರುತು. ಕನ್ನಡಕ ಹಣೆಯ ಮೇಲೆ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಬೆರಳು ಕೊನೆಯ ಸಾಲಿಗೆ ಬಂದು ನಿಲ್ಲುವವರೆಗೆ ಅವರು ಮೌಸು ಮುಟ್ಟುತ್ತಿರಲಿಲ್ಲ.

ಅವರು ಓದುತ್ತಿದ್ದುದು ದೇವರನಾಮವಲ್ಲ. ಇಂಟರ್‌ನೆಟ್ಟಿನ ಕ್ಯಾಸಿನೋಗಳಲ್ಲಿ ವಿಡಿಯೋ ಪೋಕರ್ ಎಂದು ಒಂದು ಇಸ್ಪೀಟಿನ ಆಟ ಇರುತ್ತದಲ್ಲ, ಅದರ ದರಪಟ್ಟಿ. ಬೇ ಏರಿಯಾದ ನಮ್ಮವರು ಎಷ್ಟೋ ವರ್ಷ ಇದನ್ನು ಪಿಸುಮಾತಿನಲ್ಲಿ ಆಡಿಕೊಂಡರು. ನನಗೆ ಪಿಸುಮಾತು ಬರುವುದಿಲ್ಲ. ಅದಕ್ಕೇ ಮೊದಲೇ ಬರೆದುಬಿಟ್ಟೆ.

ಡಾಟ್‌ಕಾಮ್ ಕಾಲ. ರೆಡ್‌ವುಡ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಟೆಸ್ಟಿಂಗ್ ಕೆಲಸ. ಬೆರ್ರಿಯೆಸಾದಲ್ಲಿದ್ದ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ವಾಸ. ನಾನು ಮಂಡ್ಯದ ಕಡೆಯವಳು. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಕಂಡವಳು ನಾನೇ ಮೊದಲು. ಅಪ್ಪ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ಬೆಂದವರು. ಅಮ್ಮ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತದ್ದು ನನ್ನ ಹಾಸ್ಟೆಲ್ ಅರ್ಜಿಗೋಸ್ಕರ. ಕನಿಕರ ಬೇಕೆಂದು ಇದನ್ನು ಬರೆಯುತ್ತಿಲ್ಲ, ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಇಲ್ಲಿನ ನಮ್ಮ ಕನ್ನಡ ಸಂಘದ ಊಟಗಳಲ್ಲಿ ಯಾವ ಕಾಲೇಜು ಎಂದು ಕೇಳುತ್ತಿದ್ದರು. ಸರ್ಕಾರಿ ಕಾಲೇಜಿನ ಹೆಸರು ಹೇಳಿದ ಕೂಡಲೇ ಕೇಳಿದವರ ಗಮನ ವಡೆಯ ತಟ್ಟೆಯ ಕಡೆ ಹೋಗುತ್ತಿತ್ತು. ಅಕ್ಕ ಮಾತ್ರ ಕೋಣೆ ತೋರಿಸುವಾಗ, ಸ್ಟ್ಯಾಟಿಸ್ಟಿಕ್ಸ್ ಓದಿದ್ದೀಯಾ ಎಂದು ಕೇಳಿದರು. ಓದಿದ್ದೇನೆ ಎಂದೆ. "ಹಾಗಾದ್ರೆ ನಾವು ಮಾತಾಡ್ಬಹುದು" ಎಂದರು.

ವಯಸ್ಸಿನಲ್ಲಿ ಅವರು ನನ್ನ ಅಮ್ಮನಿಗಿಂತ ದೊಡ್ಡವರು. ಆದರೂ ಆಂಟಿ ಎಂದರೆ ಆಗುತ್ತಿರಲಿಲ್ಲ. "ಆಂಟಿ ಬೇಡ ಮಾರಾಯ್ತಿ. ನಾನು ನಿನ್ನ ಮದುವೆಗೆ ಗಂಡು ಹುಡುಕ್ಲಿಕ್ಕೆ ಬಂದವಳಲ್ಲ." ಹಾಗಾಗಿ ಅಕ್ಕ. ಮಕ್ಕಳಿರಲಿಲ್ಲ. ಗಂಡ ಇಲ್ಲಿನ ಕಂಪ್ಯೂಟರ್ ಚಿಪ್ಪು ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು, ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಒಂದು ಶನಿವಾರ ಬೆಳಿಗ್ಗೆ ಮೋಡೆಮ್ಮು ಕಿರುಚುವುದು ಕೇಳಿ, ಫೋನು ಖಾಲಿಯಿಲ್ಲವಲ್ಲ ಎಂದುಕೊಂಡು ಒಳಗೆ ಹೋದೆ. ಪರದೆಯ ಮೇಲೆ ಐದು ಎಲೆ. ರಾಜ, ರಾಣಿ, ಗುಲಾಮ. ನಮ್ಮ ಚಿಕ್ಕಪ್ಪ ಆಲೆಮನೆಯ ಹಿಂದೆ ಅಂದರ್ ಬಾಹರ್ ಆಡಿ ಒಂದು ಜೊತೆ ಎತ್ತು ಕಳೆದುಕೊಂಡಿದ್ದರು. ಆಮೇಲೆ ಚಿಕ್ಕಮ್ಮ ತವರಿಗೆ ಹೋದವರು ಬರಲೇ ಇಲ್ಲ. ನಮ್ಮ ಮನೆಯಲ್ಲಿ ಇಸ್ಪೀಟಿನ ಎಲೆ ಹೊಸ್ತಿಲು ದಾಟುವಂತಿರಲಿಲ್ಲ. ಬೇರೆ ಕೋಣೆ ಹುಡುಕಿಕೊಳ್ಳಬೇಕೆಂದು ಅಲ್ಲೇ ನಿಂತು ಯೋಚಿಸಿದೆ.

"ಅಕ್ಕಾ, ಇದು ಇಸ್ಪೀಟಲ್ವಾ?"

"ಇಸ್ಪೀಟೇ. ಬಾ. ಕೂತ್ಕೊಳ್ಬೇಡ, ನಿಂತು ನೋಡು."

ಅವರಿಂದ ನಾನು ಕಲಿತ ಮೊದಲ ಪಾಠ ಅದು. ಕೂರಬೇಡ, ನಿಂತು ನೋಡು.

ಆಟ ಸುಲಭ. ಐದು ಎಲೆ ಬರುತ್ತವೆ. ಬೇಕಾದದ್ದು ಇಟ್ಟುಕೊಂಡು ಉಳಿದದ್ದನ್ನು ಒಂದು ಸಲ ಬದಲಾಯಿಸಬಹುದು. ಕೊನೆಗೆ ಕೈಯಲ್ಲಿ ಏನಿದೆಯೋ ಅದಕ್ಕೆ ಪರದೆಯ ಮೇಲ್ಭಾಗದ ಪಟ್ಟಿಯಲ್ಲಿದ್ದಂತೆ ಹಣ. ಈ ಪಟ್ಟಿಯನ್ನೇ ಅಕ್ಕ ಬೋರ್ಡು ಎನ್ನುತ್ತಿದ್ದರು. ಕ್ಯಾಸಿನೋದವರು ಕತ್ತರಿ ಆಡಿಸುವುದು ಎರಡು ಸಾಲಿನಲ್ಲಿ. ಮೂರು ಒಂದೇ ತರಹದ ಎಲೆಯ ಜತೆಗೆ ಒಂದು ಜೋಡಿ ಸೇರಿದರೆ ಅದು ಫುಲ್ ಹೌಸು. ಒಳ್ಳೆಯ ಬೋರ್ಡಿನಲ್ಲಿ ಅದಕ್ಕೆ ಒಂದಕ್ಕೆ ಒಂಬತ್ತು. ಐದೂ ಒಂದೇ ಬಣ್ಣದವಾದರೆ, ಅಂದರೆ ಐದೂ ಆಟೀನೋ ಐದೂ ಇಸ್ಪೀಟೋ ಆದರೆ, ಫ್ಲಶ್ಶು, ಅದಕ್ಕೆ ಆರು. ಕೆಟ್ಟ ಬೋರ್ಡಿನಲ್ಲಿ ಎಂಟು ಮತ್ತು ಐದು. ಅಷ್ಟೇ ವ್ಯತ್ಯಾಸ. ಆದರೆ ಒಂಬತ್ತು-ಆರರಲ್ಲಿ ಸರಿಯಾಗಿ ಆಡಿದವರಿಗೆ ನೂರಕ್ಕೆ ಸರಾಸರಿ ತೊಂಬತ್ತೊಂಬತ್ತೂವರೆ ಮರಳಿ ಬರುತ್ತದೆ, ಎಂಟು-ಐದರಲ್ಲಿ ತೊಂಬತ್ತೇಳು ಚಿಲ್ಲರೆ. ಎರಡರ ಎಲೆಗಳೆಲ್ಲ ಜೋಕರ್ ಆಗುವ ಇನ್ನೊಂದು ಬಗೆ ಇದೆ. ಅದರ ಬೋರ್ಡು ಸರಿಯಾಗಿದ್ದರೆ ನೂರಕ್ಕಿಂತ ಒಂದು ಕೂದಲೆಳೆ ಮೇಲೆ. ಅಕ್ಕ ಹುಡುಕುತ್ತಿದ್ದುದು ಆ ಕೂದಲೆಳೆಯನ್ನು.

ಇದು ಶುರುವಾದದ್ದು ರೀನೋ ಎಂಬ ಕ್ಯಾಸಿನೋಗಳ ಊರಿನಲ್ಲಂತೆ. ಗಂಡನ ಜತೆ ಬಸ್ಸಿನಲ್ಲಿ ಹೋಗಿದ್ದಾಗ, ಅವರು ಆಡಲು ಕುಳಿತರು, ಇವರು ಬೇಜಾರಿಗೆ ಹಿಂದೆ ನಿಂತು ಎರಡು ಮೆಷಿನುಗಳ ಬೋರ್ಡು ಓದಿದರು. ಒಂದೇ ಕುರ್ಚಿ, ಒಂದೇ ದೀಪ, ಒಂದೇ ಎಲೆ. ಒಂದರಲ್ಲಿ ಒಂಬತ್ತು, ಪಕ್ಕದ್ದರಲ್ಲಿ ಎಂಟು. ಜನ ಎಂಟರ ಮೆಷಿನಿಗೆ ಸಾಲು ನಿಂತಿದ್ದರು, ಅದು ಬಾಗಿಲಿಗೆ ಹತ್ತಿರ ಎಂದು. "ನನಗೆ ಅಲ್ಲಿ ಸಿಟ್ಟು ಬಂದದ್ದು" ಎನ್ನುತ್ತಿದ್ದರು, "ಮೋಸದವರ ಮೇಲೆ ಅಲ್ಲ. ಅವ್ರು ಬರೆದೇ ಇಟ್ಟಿದ್ದಾರೆ. ಓದದವರ ಮೇಲೆ."

ಇಂಟರ್‌ನೆಟ್ಟು ಬಂದ ಮೇಲೆ ಬಸ್ಸು ಬೇಕಾಗಲಿಲ್ಲ. ವಾರಕ್ಕೊಂದು ಹೊಸ ಕ್ಯಾಸಿನೋ ಹುಟ್ಟುತ್ತಿದ್ದ ಕಾಲ. ಯಾವ ದ್ವೀಪದಲ್ಲಿ ಯಾರು ನಡೆಸುತ್ತಿದ್ದರೋ. ಹಣ ಹಾಕದೆ ಆಡುವ ಅಭ್ಯಾಸದ ಬಾಗಿಲಿನಿಂದ ಒಳಗೆ ಹೋಗಿ, ಬೋರ್ಡು ಓದಿ, ಎಂಟು-ಐದು ಕಂಡರೆ ಮುಚ್ಚಿ ಹೊರಗೆ. ಒಂಬತ್ತು-ಆರು ಕಂಡರೆ ಕನ್ನಡಕ ಹಣೆಯಿಂದ ಕೆಳಗೆ ಇಳಿಯುತ್ತಿತ್ತು, ಸಣ್ಣ ಅಕ್ಷರ ಓದಲು. ಸೇರಿದವರಿಗೆ ಬೋನಸ್ಸು ಎಂದು ದೊಡ್ಡದಾಗಿ ಇರುತ್ತಿತ್ತು. ಈ ಆಟ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಸಣ್ಣದಾಗಿ. ಗೆದ್ದ ಹಣ ಕೇಳಿದರೆ ಫ್ಯಾಕ್ಸಿನ ಮೇಲೆ ಫ್ಯಾಕ್ಸು ಕೇಳುವವರೂ ಇದ್ದರು. ಒಂದು ಬೆಳಗಿನಲ್ಲಿ ಹತ್ತಾರು ಕಡೆ ಹೊಕ್ಕು ಹೊರಬಂದು, ಎಲ್ಲೂ ಆಡದೆ, ನೀರುದೋಸೆ ಹುಯ್ಯಲು ಏಳುತ್ತಿದ್ದರು. ಆ ದಿನಗಳಲ್ಲೇ ಅವರು ಹೆಚ್ಚು ಖುಷಿಯಾಗಿರುತ್ತಿದ್ದರು. ಆಡಿದರೂ ಕಾಲು ಡಾಲರಿನ ಆಟ. ಗೆದ್ದರೇ ಎಂದು ಕೇಳಿದರೆ, ಹೇಳಿಕೊಳ್ಳುವಂಥದ್ದೇನಿಲ್ಲ. ಸೋತದ್ದೂ ಅಷ್ಟೆ.

ಅವರ ಗ್ಯಾರೇಜಿನಲ್ಲಿ ಭಾನುವಾರ ನಮ್ಮ ಸಂಘದ ಕನ್ನಡ ತರಗತಿ ನಡೆಯುತ್ತಿತ್ತು. ಅಕ್ಕನೇ ಟೀಚರು. ಆ ತರಗತಿಯೇ ಅವರ ವಾರದ ಬೆನ್ನೆಲುಬು, ಶುಕ್ರವಾರದಿಂದಲೇ ಸಿದ್ಧತೆ. ಮಕ್ಕಳಿಗೆ ನಾವು ಹೇಳಿದ್ದು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಎರಡು ಮೂರು ಎಂದು ಹಾಡಿನಂತೆ ಒಪ್ಪಿಸುವರು. ಒಂಬತ್ತು ಹೆಚ್ಚೋ ಆರು ಹೆಚ್ಚೋ ಎಂದರೆ ಬಾಯಿ ಬೀಗ. ಹೋಲಿಸಲು ಬಾರದ ಸಂಖ್ಯೆ ಸಂಖ್ಯೆಯೇ ಅಲ್ಲ ಎಂದು ಅಕ್ಕ ಹಟ ಹಿಡಿದರು. ಒಂದು ಭಾನುವಾರ ಗೋಡೆಯ ಬಿಳಿ ಹಲಗೆಯ ಮೇಲೆ ಎರಡು ಬೋರ್ಡು ಬರೆದು, ಯಾವುದು ಒಳ್ಳೆಯದು, ಯಾಕೆ, ಕನ್ನಡದಲ್ಲಿ ಹೇಳಿ ಎಂದರು. ಹೆಸರುಗಳನ್ನೂ ಕನ್ನಡಕ್ಕೆ ತಂದಿದ್ದರು. ಹಣವಿಲ್ಲ, ಪಣವಿಲ್ಲ; ಬರೀ ಹೆಚ್ಚು ಕಡಿಮೆ. ಮಕ್ಕಳು ಕುಣಿದಾಡಿದರು. ಗ್ಯಾರೇಜಿನಲ್ಲಿ ಮೊದಲ ಸಲ ಕನ್ನಡದಲ್ಲಿ ಜಗಳ ನಡೆಯಿತು.

ಎಡವಟ್ಟಾದದ್ದು ಸರಟೋಗಾದಲ್ಲಿ, ಸಂಘದ ಅಧ್ಯಕ್ಷರ ಮನೆಯ ಸತ್ಯನಾರಾಯಣ ಪೂಜೆಯ ದಿನ. ಅಧ್ಯಕ್ಷರು ಬೆಂಗಳೂರಿನವರು, ಒಂದು ಸ್ಟಾರ್ಟಪ್ಪಿನಲ್ಲಿ ದೊಡ್ಡ ಹುದ್ದೆ. ನನ್ನನ್ನು ಕೆಲಸಕ್ಕೆ ಹೇಳಿ ಸೇರಿಸಿದವರೂ ಅವರೇ. ಪ್ರಸಾದವಾದ ಮೇಲೆ ಅವರು ತಮ್ಮ ಮಗಳನ್ನು ಮುಂದೆ ನಿಲ್ಲಿಸಿ, ಕನ್ನಡ ಕ್ಲಾಸಲ್ಲಿ ಕಲಿತದ್ದು ಏನಾದರೂ ಹೇಳು ಎಂದರು. ಹುಡುಗಿ ರೇಷ್ಮೆ ಲಂಗ ಸರಿಮಾಡಿಕೊಂಡು, ಕೈಕಟ್ಟಿ, ಕಣ್ಣು ಮುಚ್ಚಿ, ಸ್ಪಷ್ಟವಾಗಿ ಒಪ್ಪಿಸಿದಳು:

"ಜೋಡಿಗೆ ಒಂದು, ಎರಡು ಜೋಡಿಗೆ ಎರಡು, ಮೂರು ಕೂಡಿದರೆ ಮೂರು, ಸಾಲಿಗೆ ನಾಲ್ಕು, ಒಂದೇ ಬಣ್ಣಕ್ಕೆ ಆರು, ತುಂಬಿದ ಮನೆಗೆ ಒಂಬತ್ತು, ನಾಲ್ಕು ಕೂಡಿದರೆ ಇಪ್ಪತ್ತೈದು."

ಅಜ್ಜಿಯರು ಮೆಚ್ಚಿ ನೆಟಿಗೆ ತೆಗೆದರು. ಒಬ್ಬರು, ಇದು ನಮ್ಮ ಕಡೆಯ ಹಸೆಹಾಡಿನ ಹಾಗಿದೆ ಎಂದರು. ಅರ್ಥ ಹೇಳು ಪುಟ್ಟಾ ಎಂದಾಗ ಹುಡುಗಿ ಕಣ್ಣು ತೆರೆದು, "ಇಟ್ಸ್ ವಿಡಿಯೋ ಪೋಕರ್" ಎಂದಳು.

ನಾನು ಅಲ್ಲಿದ್ದೆ. ನಗು ಬಂತು, ಕೇಸರಿಬಾತು ನೆತ್ತಿಗೇರಿತು. ನಕ್ಕವಳು ನಾನೊಬ್ಬಳೇ.

ಮುಂದಿನ ವಾರವೇ ಅಧ್ಯಕ್ಷರು ಮತ್ತಿಬ್ಬರು ತಂದೆಯರನ್ನು ಕರೆದುಕೊಂಡು ಬಂದರು. ಗ್ಯಾರೇಜಿನಲ್ಲಿ ಮಕ್ಕಳ ಮಡಚುವ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಕುಳಿತರು. ನಾನು ಕಾಫಿ ತಂದೆ. ಅಧ್ಯಕ್ಷರು ಕೆಟ್ಟವರಲ್ಲ, ಮೆಲ್ಲಗೇ ಮಾತಾಡಿದರು. ಪೇರೆಂಟ್ಸು ಬೇಜಾರು ಮಾಡಿಕೊಂಡಿದ್ದಾರೆ, ಮಕ್ಕಳ ವಿಷಯ ನೋಡಿ ಎಂದರು. ಮಾತಿನ ಮಧ್ಯೆ ಅವರ ಸೊಂಟದ ಪೇಜರು ಗುಂಯ್‌ಗುಟ್ಟಿತು. ಅದರಲ್ಲಿ ಅವರ ಕಂಪನಿಯ ಷೇರಿನ ಬೆಲೆ ಬರುತ್ತಿತ್ತು. ನೋಡಿ, ಸಣ್ಣಗೆ ನಕ್ಕು, ಮುಂದುವರಿಸಿದರು. ಅಕ್ಕ ಆ ಆಟ ಬಿಡಬೇಕು, ಇಲ್ಲವಾದರೆ ತರಗತಿ ಬೇರೆ ಕಡೆ ಹೋಗುತ್ತದೆ.

ಅಕ್ಕನ ಬೆರಳು ಕಾಫಿ ಲೋಟದ ಅಂಚಿನ ಮೇಲೆ ಸುತ್ತು ಹಾಕುತ್ತಿತ್ತು. ಆ ತರಗತಿ ಹೋದರೆ ಅವರಿಗೆ ಏನು ಉಳಿಯುತ್ತದೆ ಎಂಬುದು ಅಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಅಧ್ಯಕ್ಷರೇ ದಾರಿ ತೋರಿಸಿದರು. "ಬಿಟ್ಟಿದೀನಿ ಅಂತ ಒಂದ್ ಮಾತು ಹೇಳ್ಬಿಡಿ ಮೇಡಂ, ಸಾಕು. ಯಾರು ಬಂದು ಚೆಕ್ ಮಾಡ್ತಾರೆ?"

"ಬಿಟ್ಟಿಲ್ಲ. ಬಿಡುದೂ ಇಲ್ಲ" ಎಂದರು ಅಕ್ಕ. "ಬಿಟ್ಟಿದ್ದೇನೆ ಅಂತ ಹೇಳಿದ್ರೆ ನಾಳೆ ಆ ಸುಳ್ಳನ್ನೂ ನಿಮ್ಮ ಮಕ್ಕಳಿಗೆ ಕನ್ನಡದಲ್ಲೇ ಕಲಿಸ್ಬೇಕಾಗ್ತದೆ. ಒಂದು ಕೇಳ್ತೇನೆ. ಇಷ್ಟು ಸಮಯ ಮಕ್ಕಳನ್ನು ಬಿಟ್ಟು ಹೋದ್ರಲ್ಲ, ಒಂದು ದಿನ ಒಳಗೆ ಬಂದು ನಿಂತು, ನಾನು ಎಂತ ಕಲಿಸ್ತೇನೆ ಅಂತ ನೋಡಿದ್ದುಂಟಾ?"

ಯಾರೂ ನೋಡಿರಲಿಲ್ಲ. ಕಾರಿನ ಎಂಜಿನ್ನು ಆರಿಸುವುದೂ ಇಲ್ಲ, ಬಾಗಿಲು ತೆಗೆದು ಮಕ್ಕಳನ್ನು ಇಳಿಸಿ ಹೋಗುವವರು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ. ನಿಮ್ ಊರ್ ಕಡೆ ಇಸ್ಪೀಟಿಂದ ಮನೆ ಹಾಳಾಗೋದು ನೋಡಿಲ್ವಾ?"

ದೊಡ್ಡವರ ಮುಂದೆ ಬಾಯಿ ತೆರೆಯಬಾರದು ಎಂದು ಬೆಳೆಸಿದ ಮನೆ ನಮ್ಮದು. ಅನ್ನಕ್ಕೆ ದಾರಿ ಮಾಡಿಕೊಟ್ಟವರ ಮುಂದಂತೂ ತೆರೆಯಲೇಬಾರದು. ಟ್ರೇ ಕೆಳಗಿಟ್ಟೆ.

"ನೋಡಿದೀನಿ ಸಾರ್. ನಮ್ ಚಿಕ್ಕಪ್ಪನೇ ಎತ್ತು ಕಳ್ಕೊಂಡ್ರು. ಅವರಿಗೆ ಇಂಥ ಒಬ್ಬ ಟೀಚರ್ ಸಿಕ್ಕಿರಲಿಲ್ಲ. ನಂಗೊಂದು ಮಗು ಇದ್ದಿದ್ರೆ ಇಲ್ಲೇ ಕಳಿಸ್ತಿದ್ದೆ."

ಅವರು ಕಾಫಿ ಮುಗಿಸದೆ ಎದ್ದರು. ಆಮೇಲೆ ಬಹಳ ಕಾಲ ನನ್ನ ಜತೆ ಮಾತು ಬಿಟ್ಟರು. ಬಿಡಲಿ. ಕೆಲಸ ಕೊಡಿಸಿದ್ದು ಅವರು, ಮಾಡುತ್ತಿದ್ದವಳು ನಾನು.

ಅದರ ಮುಂದಿನ ಭಾನುವಾರ ಅಕ್ಕ ಎಂದಿನಂತೆ ಗ್ಯಾರೇಜಿನ ಬಾಗಿಲು ಎತ್ತಿ, ಕುರ್ಚಿ ಹಾಕಿ, ಹಲಗೆ ಒರೆಸಿ ನಿಂತರು. ಯಾರೂ ಬರಲಿಲ್ಲ. ತರಗತಿ ಬೇರೊಂದು ಹಾಲಿಗೆ ಹೋಗಿತ್ತು. ಒಂದೂ ತಲೆಯಿಲ್ಲದ ಕುರ್ಚಿಗಳನ್ನು ನೋಡುತ್ತ ಅವರು ನಿಂತದ್ದು ನನಗೆ ನೋಡಲಾಗಲಿಲ್ಲ. ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ. ಅಕ್ಕ ಕನ್ನಡಕ ಇಳಿಸಿ ನನ್ನನ್ನು ನೋಡಿ, ನಗದೆ, ಪಾಠ ಶುರುಮಾಡಿದರು. ಒತ್ತಕ್ಷರ ಇತ್ತು ಆ ದಿನ.

ಪಾಠ ನಡೆಯುತ್ತಿದ್ದಾಗ ಒಂದು ಕಾರು ಬಂದು ನಿಂತಿತು. ಎಂಜಿನ್ನು ಆರಿತು. ಇಳಿದವರು ಅಧ್ಯಕ್ಷರ ಹೆಂಡತಿ, ಹಾಸನದವರು, ಸಂಘದ ಊಟಗಳಲ್ಲಿ ಬಡಿಸುತ್ತ ಓಡಾಡುವುದು ಬಿಟ್ಟರೆ ದನಿಯೇ ಕೇಳಿಸದ ಹೆಂಗಸು. ಮಗಳ ಕೈ ಹಿಡಿದು ಒಳಗೆ ಬಂದರು.

"ಅವ್ರು ಬ್ಯಾಡ ಅಂದ್ರು. ನಾನ್ ಕರ್ಕೊಂಡ್ ಬಂದೆ" ಎಂದರು. ಮಗಳನ್ನು ಕೂರಿಸಿದರು. ಹೊರಡುವುದು ಬಿಟ್ಟು, ಸೆರಗು ಸುತ್ತಿಕೊಂಡು ಹಿಂದೆ ನಿಂತರು. ಪಾಠ ಮುಗಿದ ಮೇಲೆ ಕೇಳಿದರು, "ಆ ಬೋರ್ಡು ಓದೋದು ನಂಗೂ ಹೇಳ್ಕೊಡ್ತೀರಾ ಟೀಚರ್? ಮನೇಲಿ ಕಾಗ್ದ ಬತ್ತಾವೆ, ಸೈನ್ ಹಾಕು ಅಂತಾರೆ. ಏನಂತ ನಾನ್ ನೋಡಿದೋಳಲ್ಲ."

ಅಕ್ಕ ಅವರಿಗೊಂದು ಕುರ್ಚಿ ಎಳೆದರು. ಆಮೇಲೆ ಏನೋ ನೆನಪಾದವರಂತೆ ಅದನ್ನು ಹಿಂದಕ್ಕೆ ತಳ್ಳಿ, "ಮೊದಲು ನಿಂತುಕೊಂಡೇ" ಎಂದರು.

ಆ ತರಗತಿ ನಿಲ್ಲಲಿಲ್ಲ. ದೊಡ್ಡದೂ ಆಗಲಿಲ್ಲ. ಒಂದು ಮಗು, ಆಮೇಲೆ ಇನ್ನೆರಡು, ಹಿಂದೆ ನಿಂತ ಒಬ್ಬರು ತಾಯಿ. ಸಂಘ ಇದನ್ನು ತನ್ನ ಪತ್ರಿಕೆಯಲ್ಲಿ ಎಂದೂ ಹಾಕಲಿಲ್ಲ.

ನನಗೂ ಆ ವರ್ಷ ಒಂದು ಸ್ಟಾರ್ಟಪ್ಪಿನಿಂದ ಕರೆ ಬಂತು. ಸಂಬಳ ಕಡಿಮೆ, ಷೇರು ಬಹಳ. ಸ್ನೇಹಿತೆಯರೆಲ್ಲ ಹಾರಿಬಿಡು ಎಂದರು. ನಾನು ಸಂದರ್ಶನ ಮಾಡಿದವರನ್ನು ಕೇಳಿದೆ: ನನಗೆ ಕೊಡುವ ಷೇರು ಸರಿ, ಒಟ್ಟು ಎಷ್ಟು ಷೇರಿವೆ? ಇದುವರೆಗೆ ಯಾರೂ ಕೇಳಿಲ್ಲವಲ್ಲ ಎಂದು ಅವರು ನಕ್ಕರು. ಉತ್ತರ ಕೊಡಲಿಲ್ಲ. ಬೋರ್ಡು ಮುಚ್ಚಿಟ್ಟ ಮೆಷಿನು. ನಾನು ಕೂರಲಿಲ್ಲ. ಆ ಕಟ್ಟಡದ ಮುಂದೆ ಬಾಡಿಗೆಗಿದೆ ಎಂಬ ಫಲಕ ಬಿದ್ದದ್ದನ್ನು ಆಮೇಲೆ ಫ್ರೀವೇಯಿಂದಲೇ ನೋಡಿದೆ.

ಅಧ್ಯಕ್ಷರ ಕಂಪನಿಯೂ ಡಾಟ್‌ಕಾಮ್ ಕುಸಿದ ಆ ಬೀಳುಗಾಲದಲ್ಲಿ ಮುಚ್ಚಿತು. ಸುದ್ದಿ ತಂದವಳು ನಾನೇ. ಹೊಟ್ಟೆ ತಣ್ಣಗಾದಂತೆ ಹೇಳಿರಬೇಕು. ಅಕ್ಕ ನನ್ನನ್ನು ಅಲ್ಲೇ ತಡೆದರು. "ನಗ್ಲಿಕ್ಕೆ ಎಂತ ಉಂಟು ಅದ್ರಲ್ಲಿ? ರೀನೋದವ್ರು ಬರೆದಾದ್ರೂ ಇಡ್ತಾರೆ. ಇವರಿಗೆ ಯಾರೂ ಬೋರ್ಡು ತೋರಿಸ್ಲೇ ಇಲ್ಲ." ಆ ಭಾನುವಾರ ಹುಡುಗಿಯ ಕೈಯಲ್ಲಿ ಮನೆಗೆ ಒಂದು ಡಬ್ಬಿ ಪತ್ರೊಡೆ ಕಳಿಸಿದರು. ಮರುವಾರ ಡಬ್ಬಿ ತೊಳೆದು ಬಂತು. ಜತೆಗೆ ಮಾತೇನೂ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಅಕ್ಕನಿಗೆ ಕಾಯಿಲೆ ಬಂತು. ನಾನು ಆಗ ಬೇರೆ ಮನೆ ಮಾಡಿದ್ದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವಳು ಮಾತ್ರ ನಾನೇ. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಹೊಸ ಚಿಕಿತ್ಸೆಯೊಂದನ್ನು ವಿವರಿಸುತ್ತ ಭರವಸೆಯ ಮಾತನ್ನು ಮತ್ತೆ ಮತ್ತೆ ಆಡಿದರು. ಅಕ್ಕ ಕೊನೆಯವರೆಗೂ ಕೇಳಿ, ನೂರರಲ್ಲಿ ಎಷ್ಟು ಜನಕ್ಕೆ ಎಂದರು. ಪ್ರತಿಯೊಬ್ಬರ ಶರೀರ ಬೇರೆ ಎಂದರು ಡಾಕ್ಟರು. ಅಕ್ಕ ಮತ್ತೆ ಅದನ್ನೇ ಕೇಳಿದರು, ತರಗತಿಯಲ್ಲಿ ಉತ್ತರ ಬಾರದ ಮಗುವನ್ನು ಕೇಳುವಷ್ಟೇ ತಾಳ್ಮೆಯಿಂದ. ಡಾಕ್ಟರು ಮೇಜು ನೋಡುತ್ತ ಒಂದು ಸಂಖ್ಯೆ ಹೇಳಿದರು. ಅದನ್ನು ನಾನು ಬರೆಯುವುದಿಲ್ಲ.

ಕಾರಿನಲ್ಲಿ ಅಕ್ಕ ಹೇಳಿದರು, "ಇದು ಎಂಟು-ಐದು ಕೂಡ ಅಲ್ಲ ಮಾರಾಯ್ತಿ."

"ಹಂಗಾದ್ರೆ ಎದ್ದು ಬಂದ್ಬಿಡಾಣ ಅಕ್ಕಾ" ಎಂದೆ.

"ಎದ್ದು ಹೋಗ್ಲಿಕ್ಕೆ ಪಕ್ಕದಲ್ಲಿ ಇನ್ನೊಂದು ಮೆಷಿನು ಎಲ್ಲುಂಟು? ಕೂತ್ಕೊಳ್ತೇನೆ." ಕಿಟಕಿಯ ಗಾಜಿನ ಮೇಲೆ ಅವರ ಬೆರಳು ಮೆಲ್ಲಗೆ ಇಳಿಯಿತು. "ಆದ್ರೆ ಓದಿ ಕೂತದ್ದು. ಗೊತ್ತಿಲ್ಲದೆ ಕೂತದ್ದಲ್ಲ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳು."

ಯಾರೂ ಕೇಳಲಿಲ್ಲ. ಆದರೂ ಹೇಳಿದ್ದೇನೆ.

ಅಕ್ಕ ಹೋದ ಮೇಲೆ ಸಂಘದವರು ಹಾಲಿನಲ್ಲಿ ಒಂದು ಸಂತಾಪ ಸಭೆ ಇಟ್ಟರು. ಬಂದವರು ಬಹಳ. ಮಾತಾಡಿದವರೆಲ್ಲ ಅವರ ಸಂಖ್ಯಾಶಾಸ್ತ್ರ, ಅವರ ಕನ್ನಡ ಸೇವೆ, ಅವರ ಪತ್ರೊಡೆ ಹೊಗಳಿದರು. ಶನಿವಾರದ ಬೆಳಗುಗಳ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹೆಂಗಸಿನ ಮೇಲೆ ಶಾಲು ಹೊದಿಸಿ ಮೂಗು ಬಾಯಿ ಮುಚ್ಚಿದ ಹಾಗೆ ಅನ್ನಿಸಿತು ನನಗೆ. ಎದ್ದು ಹೇಳಿಬಿಡಬೇಕೆಂದು ಕುರ್ಚಿಯ ಅಂಚಿಗೆ ಬಂದೆ. ಅಷ್ಟರಲ್ಲಿ ಅಧ್ಯಕ್ಷರ ಮಗಳು ವೇದಿಕೆಗೆ ನಡೆದಳು. ಉದ್ದಕ್ಕೆ ಬೆಳೆದಿದ್ದಳು, ಜೀನ್ಸು ಹಾಕಿದ್ದಳು, ಕೈಯಲ್ಲಿ ಕಾಗದವಿರಲಿಲ್ಲ. ಕೈಕಟ್ಟಿ, ಕಣ್ಣು ಮುಚ್ಚಿ ನಿಂತಳು.

"ಜೋಡಿಗೆ ಒಂದು" ಎಂದು ಶುರುಮಾಡಿದಳು.

ತುಂಬಿದ ಮನೆಗೆ ಒಂಬತ್ತಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದ ಅವಳ ತಾಯಿ ಜತೆಗೆ ದನಿಗೂಡಿಸಿದ್ದರು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕುಳಿತೇ ಇದ್ದರು. ಮುಗಿದಾಗ ಯಾರಿಗೂ ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯಲಿಲ್ಲ. ಊರಿಂದ ಬಂದಿದ್ದ ಯಾರದೋ ಅಜ್ಜಿ, ಇದು ಯಾವ ಸೀಮೆಯ ಪದ ಮಗಳೇ ಎಂದು ಕೇಳಿದರು.

ಸರಟೋಗಾದ ಗುಡ್ಡದಲ್ಲಿ ಬೆಳೆದ ಆ ಹುಡುಗಿ ಈ ಸಲ ಇಂಗ್ಲಿಷಿಗೆ ಹೋಗಲಿಲ್ಲ. ಅಪ್ಪನ ಬೆಂಗಳೂರಿನದೂ ಅಲ್ಲದ, ಅಮ್ಮನ ಹಾಸನದ್ದೂ ಅಲ್ಲದ, ಅಚ್ಚ ಮಂಗಳೂರಿನ ಕನ್ನಡದಲ್ಲಿ ಹೇಳಿದಳು:

"ಪದ ಅಲ್ಲ ಅಜ್ಜಿ, ಇದು ನಮ್ಮ ಟೀಚರ ಬೋರ್ಡು. ಮೊದಲು ನಿಂತು ಓದುದು. ಮತ್ತೆ ಕೂತ್ಕೊಳ್ಳುದು."